ತಪ್ಪು ಲೆಕ್ಕ, ಸರಿ ಉತ್ತರ

* ಮೆಲ್ಬರ್ನ್ ಹೊರವಲಯದ ಬಂಡೂರಾ ಆಸ್ಪತ್ರೆ. ಸಿಂಗಪುರದ ಚಾಂಗಿಯಲ್ಲಿ ಜಪಾನೀಯರ ಯುದ್ಧಕೈದಿಯಾಗಿದ್ದು ಮರಳಿದ ಮನೋವೈದ್ಯ ಜಾನ್ ಕೇಡ್‌ಗೆ ಪ್ರಯೋಗಾಲಯವೆಂದು ಸಿಕ್ಕಿದ್ದು ಖಾಲಿ ಬಿದ್ದಿದ್ದ ಉಗ್ರಾಣ. ರೋಗಿಗಳ ಮೂತ್ರದ ಬಾಟಲಿಗಳು ಮನೆಯ ಫ್ರಿಜ್ಜಿನಲ್ಲಿ. ಮನೆಯವರು ಏನೆಂದರೋ!

* ಅವರ ಊಹೆ: ಉನ್ಮಾದಕ್ಕೆ ಕಾರಣ ಮೈಯಲ್ಲೇ ಹುಟ್ಟುವ ವಿಷ, ಅದು ಮೂತ್ರದಲ್ಲಿ ಇಳಿದುಬರುತ್ತದೆ. ಆ ಮೂತ್ರವನ್ನು ಗಿನಿಪಿಗ್‌ಗಳಿಗೆ ಚುಚ್ಚಿದರು. ಯೂರಿಕ್ ಆಮ್ಲದ ಪಾತ್ರವೆಷ್ಟೆಂದು ನೋಡಬೇಕಿತ್ತು, ಆದರೆ ಅದು ನೀರಿನಲ್ಲಿ ಸುಲಭಕ್ಕೆ ಕರಗದು. ಚೆನ್ನಾಗಿ ಕರಗುವುದು ಅದರ ಲಿಥಿಯಂ ಲವಣ. ಲಿಥಿಯಂ ಒಳಗೆ ಬಂದದ್ದು ಬರೀ ಕರಗಿಸುವ ಕೆಲಸಕ್ಕೆ!

* ಆಮೇಲೆ ಲಿಥಿಯಂನದೇ ಪರಿಣಾಮ ನೋಡಲು ಲಿಥಿಯಂ ಕಾರ್ಬೊನೇಟ್ ಚುಚ್ಚಿದರು. ಆ ಗಿನಿಪಿಗ್‌ಗಳನ್ನು ಅಂಗಾತ ಮಲಗಿಸಿದರೆ ಒದ್ದಾಡಿ ಮಗುಚಿಕೊಳ್ಳಲಿಲ್ಲ, ನೋಡುತ್ತ ಸುಮ್ಮನೆ ಬಿದ್ದಿದ್ದವು. ಅದು ಶಾಂತಿಯೋ, ವಿಷವೇರಿದ ಮಂಕೋ? ಮಂಕೇ ಇರಬೇಕೆಂದು ಆಮೇಲೆ ಹಲವರು ಹೇಳಿದ್ದಾರೆ. ಹಾಗಾದರೆ ಊಹೆಯೂ ತಪ್ಪು, ಕಂಡದ್ದೂ ತಪ್ಪು, ಔಷಧ ಮಾತ್ರ ಸರಿ. ಇದಕ್ಕೆ ಏನೆನ್ನುವುದು?

* 1948ರ ಮಾರ್ಚ್. ಕೇಡ್ ಲಿಥಿಯಂ ಕೊಟ್ಟ ಮೊದಲ ರೋಗಿಗೆ 51 ವರ್ಷ. ಐದು ವರ್ಷದಿಂದ ಉನ್ಮಾದ ಇಳಿದಿರಲಿಲ್ಲ. ಕೆಲವೇ ತಿಂಗಳಲ್ಲಿ ಮನೆಗೆ ಹೋದರು, ಹಳೆಯ ಕೆಲಸಕ್ಕೂ ಸೇರಿದರು. 1949ರಲ್ಲಿ ಕೇಡ್ ಅವರ ಲೇಖನ ಅಚ್ಚಾಯಿತು: ಉನ್ಮಾದದ ಹತ್ತು ರೋಗಿಗಳ ವಿವರ. ಅದೇ ವರ್ಷ ಅಮೆರಿಕದಲ್ಲಿ ಅಡುಗೆ ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ಬಳಸಿದವರಲ್ಲಿ ಕೆಲವರು ಸತ್ತರು. ಒಂದೇ ಧಾತು, ಇಲ್ಲಿ ಮದ್ದು, ಅಲ್ಲಿ ವಿಷ.

* ಆ ಮೊದಲ ರೋಗಿಯ ಕತೆ ಮುಂದೇನಾಯಿತು? ಗುಣವಾಯಿತೆಂದು ಔಷಧ ಬಿಟ್ಟರು, ಕಾಯಿಲೆ ಮರುಕಳಿಸಿತು. ಮತ್ತೆ ಶುರುಮಾಡಿದರು. 1950ರಲ್ಲಿ ಲಿಥಿಯಂ ವಿಷವೇರಿಯೇ ತೀರಿಕೊಂಡರು. ರಕ್ತದಲ್ಲಿ ಅದೆಷ್ಟಿದೆಯೆಂದು ಅಳೆಯುವ ರೂಢಿ ಆಗ ಇರಲಿಲ್ಲ.

* ಡೆನ್ಮಾರ್ಕಿನ ಮನೋವೈದ್ಯ ಮೊಗೆನ್ಸ್ ಷೌ 1954ರಲ್ಲಿ ಲಿಥಿಯಂನ ಕ್ರಮಬದ್ಧ ಪರೀಕ್ಷೆಯ ಫಲ ಪ್ರಕಟಿಸಿದರು. ಆದರೂ ಅಮೆರಿಕ ಅನುಮತಿ ಕೊಟ್ಟದ್ದು 1970ರಲ್ಲಿ. ತಡವಾದದ್ದು ವಿಷದ ಭಯದಿಂದಲೋ, ಪೇಟೆಂಟಿಗೆ ಸಿಗದ ಅಗ್ಗದ ಲವಣದಲ್ಲಿ ಕಂಪನಿಗಳಿಗೆ ಲಾಭ ಕಾಣದ್ದರಿಂದಲೋ? ಎರಡೂ ಇರಬಹುದು.

* ಜೀವಕೋಶದೊಳಗಿನ ಕೆಲವು ಕಿಣ್ವಗಳನ್ನು ಲಿಥಿಯಂ ತಡೆಯುತ್ತದೆ. ಉನ್ಮಾದ ಇಳಿಯುವುದು ಅದರಿಂದಲೇ ಹೌದೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಕಾರಣ ತಿಳಿಯದಿದ್ದರೂ ಉನ್ಮಾದ ತರುವ ಬೈಪೋಲಾರ್ ಕಾಯಿಲೆಗೆ ಇಂದಿಗೂ ಮುಖ್ಯ ಮದ್ದುಗಳಲ್ಲಿ ಅದೊಂದು.

* ಅಳತೆ ಮಾತ್ರ ಖಚಿತ. ರಕ್ತದಲ್ಲಿ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇದ್ದರೆ ಮದ್ದು, 1.5 ದಾಟಿದರೆ ಅಪಾಯ. ವಾಂತಿ-ಭೇದಿ, ಬೇಸಿಗೆಯ ವಿಪರೀತ ಬೆವರು, ಕೆಲವು ನೋವಿನ ಮಾತ್ರೆಗಳು ಮಟ್ಟ ಏರಿಸಬಲ್ಲವು. ಮನೆಯಲ್ಲಿ ಯಾರಾದರೂ ಲಿಥಿಯಂ ತೆಗೆದುಕೊಳ್ಳುತ್ತಿದ್ದರೆ ರಕ್ತಪರೀಕ್ಷೆ ತಪ್ಪಿಸಬೇಡಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಲೂಬೇಡಿ.