ಹೊಂಗೆ ಮರ, ಕುರ್ಚಿ

ಆಫೀಸಿನಿಂದ ಕಾಗದ ಬಂತು. ಕಾಗದವೆಂದರೆ ಈಗ ಮಿಂಚಂಚೆ, ನಾಲ್ಕೇ ಸಾಲು. ಇನ್ನು ಮೇಲೆ ವಾರದ ಐದೂ ದಿನ ಎಲ್ಲರೂ ಆಫೀಸಿಗೆ ಬರತಕ್ಕದ್ದು, ಬಾಗಿಲಲ್ಲಿ ಕಾರ್ಡು ಉಜ್ಜಿದ ಲೆಕ್ಕವೇ ಹಾಜರಿ, ತಪ್ಪಿದವರ ಬಡ್ತಿಗೆ ಕತ್ತರಿ. ಅದು 2023ರ ಮಳೆಗಾಲ. ನಮ್ಮದೊಂದೇ ಅಲ್ಲ, ಟಿಸಿಎಸ್‌ನಂಥ ದೊಡ್ಡ ಕಂಪನಿಯೂ ಆ ವರ್ಷ ಅಕ್ಟೋಬರ್ ಒಂದರಿಂದ ಐದು ದಿನ ಬನ್ನಿ ಎಂದು ನೌಕರರನ್ನು ಕರೆಯಿತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಗೋಳೋ ಗೋಳು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕು, ಮಕ್ಕಳನ್ನು ನೋಡಿಕೊಳ್ಳುವವರು ಯಾರು, ಊರಲ್ಲಿ ವಯಸ್ಸಾದ ತಂದೆತಾಯಿ. ಎಲ್ಲ ನಿಜವೇ. ನಾನೂ ಒಂದು ಅಳುಮುಖದ ಚಿತ್ರ ಹಾಕಿದೆ. ಆದರೆ ಗೆಳೆಯರೇ, ನಿಮ್ಮ ಹತ್ತಿರ ಸುಳ್ಳೇಕೆ, ಒಳಗೊಳಗೆ ನನಗೆ ಖುಷಿಯಾಗಿತ್ತು. ನನಗೆ ನನ್ನ ಕುರ್ಚಿ ನೆನಪಾಗಿತ್ತು.

2019ರಲ್ಲಿ ಡಿಗ್ರಿ ಮುಗಿಸಿ ಈ ಕೆಲಸಕ್ಕೆ ಸೇರಿದವನು ನಾನು. ಅಮೆರಿಕದವರ ಆಸ್ಪತ್ರೆ ಬಿಲ್ಲುಗಳನ್ನು ಸರಿನೋಡುವುದು. ಮಧ್ಯಾಹ್ನ ಎರಡಕ್ಕೆ ಶುರು, ರಾತ್ರಿ ಹನ್ನೊಂದಕ್ಕೆ ಮುಗಿತಾಯ. ಮೊದಲ ದಿನ ಒಂದು ಕುರ್ಚಿ ತೋರಿಸಿದರು. ಗಿರಗಿರನೆ ತಿರುಗುವಂಥದು, ಬೆನ್ನಿಗೆ ಒರಗು ಇರುವಂಥದು. ನಮ್ಮಪ್ಪ ಗೌಡರ ಜಗಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತೇ ಆಯುಷ್ಯ ಸವೆಸಿದವನು. ಆ ಕುರ್ಚಿ ನನ್ನನ್ನು ಏನೂ ಕೇಳಲಿಲ್ಲ. ನೀರಿನ ಯಂತ್ರವೂ ಕೇಳಲಿಲ್ಲ. ಲೋಟ ಎಲ್ಲರಿಗೂ ಒಂದೇ, ಕಾಗದದ್ದು, ಕುಡಿದು ಬಿಸಾಡುವುದು. (ಬಿಸಾಡುವ ಲೋಟದಲ್ಲಿ ಸಮಾನತೆ ಬಂತಲ್ಲ ಎಂದು ಆಗ ಒಂದು ಪದ್ಯ ಬರೆದಿದ್ದೆ. ಪದ್ಯ ಕೆಟ್ಟದಾಗಿತ್ತು, ಮಾತು ನಿಜ.)

ಕೇಳಿದ್ದು ಊಟದ ಮೇಜು. ಡಬ್ಬಿಯಲ್ಲಿ ಏನಿದೆ? ನಿಮ್ಮ ಕಡೆ ಯಾವ ದೇವರು? ಹೆಸರಿನ ಮುಂದಿನ ಇನಿಷಿಯಲ್ ಏನು? ಮೀಸಲಾತಿಯ ಮೇಲೆ ಒಂದು ಜೋಕು, ಎಲ್ಲರ ನಗೆ, ನನ್ನದೂ ಅರ್ಧ ನಗೆ. ಖಾಸಗಿ ಕಂಪನಿಯಲ್ಲಿ ಮೀಸಲಾತಿಯೇ ಇಲ್ಲ ಎಂಬುದು ಆ ಮೇಜಿಗೆ ಗೊತ್ತಿರಲಿಲ್ಲ.

2020ರ ಮಾರ್ಚಿನಲ್ಲಿ ಕೊರೋನಾ ಬಂದು ಕೈಗೊಂದು ಲ್ಯಾಪ್‌ಟಾಪ್ ಕೊಟ್ಟು ಮನೆಗೆ ಹೋಗಿ ಅಂದರು. ಮನೆಯಿಂದಲೇ ಕೆಲಸ. ಮನೆ ಎಂದರೆ ಎಲ್ಲರಿಗೂ ಒಂದೇ ಅರ್ಥ ಎಂದುಕೊಂಡವರು ಕಂಡುಹಿಡಿದ ಮಾತು ಅದು. ಮಳವಳ್ಳಿ ಕಡೆಯ ನಮ್ಮ ಕೇರಿಯಲ್ಲಿ ನಮ್ಮದು ಸರ್ಕಾರ ಕೊಟ್ಟ ಒಂದೂವರೆ ಕೋಣೆ. ಅವ್ವ, ಅಪ್ಪ, ಅಜ್ಜಿ, ತಂಗಿ, ಎರಡು ಮೇಕೆ. ಶೀಟಿನ ಮೇಲೆ ಮಳೆ ಬಿದ್ದರೆ ಅಮೆರಿಕಕ್ಕೂ ಕೇಳಿಸಬೇಕು, ಅಂಥ ಸದ್ದು. ಅದಕ್ಕಿಂತ ದೊಡ್ಡ ತಾಪತ್ರಯ ಸಿಗ್ನಲ್ಲಿನದು. ಕೇರಿಯಲ್ಲಿ ಒಂದು ಕಡ್ಡಿ. ಊರೊಳಗಿನ ಅರಳಿಕಟ್ಟೆಯ ಹತ್ತಿರ ನಾಲ್ಕು ಕಡ್ಡಿ. ನಾವು ಆ ಕಟ್ಟೆ ಹತ್ತುವವರಲ್ಲ. ಎರಡು ದಿನ ಅದರ ಪಕ್ಕದಲ್ಲಿ ನಿಂತು, ಎಡಗೈ ಮೇಲೆ ಲ್ಯಾಪ್‌ಟಾಪ್ ಹೊತ್ತು ಬಲಗೈಯಲ್ಲಿ ಕೆಲಸ ಮಾಡಿದೆ. ಮೂರನೆಯ ದಿನ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು, ಬೈಯಲಿಲ್ಲ ಪಾಪ, ಮೆತ್ತಗೇ ಹೇಳಿದರು: ‘ಎಲ್ಲಾರ ಆ ಕಡೀಕೆ ಓಗಿ ಮಾಡ್ಕೊಳ್ಳಾ. ಎಣ್ ಮಕ್ಳು ಓಡಾಡ್ತವೆ.’

ಜಾಗ ಹುಡುಕಿದ್ದು ಅಪ್ಪ. ನನ್ನ ಮೊಬೈಲು ಹಿಡಿದು ಹೊಲ, ಬಾರೆ, ಕೆರೆ ಏರಿ ಎಲ್ಲ ತಿರುಗಿ ಸಂಜೆ ಬಂದು ಹೇಳಿದ: ‘ನಾಕ್ ಕಡ್ಡಿ ಸಿಕ್ತು ಕಣ್ಲಾ. ನಮ್ ಸುಡುಗಾಡಲ್ಲಿ.’ ದಿಬ್ಬದ ಮೇಲೆ ನಮ್ಮವರನ್ನು ಹೂಳುವ ಜಾಗ, ಅಲ್ಲೊಂದು ಹೊಂಗೆ ಮರ. ಮೂರು ವರ್ಷ ಅದೇ ನನ್ನ ಆಫೀಸು. ಚಾರ್ಜು ಮುಗಿದರೆ ಮನೆಗೆ ಓಡುವುದು, ತುಂಬಿಸಿಕೊಂಡು ಮತ್ತೆ ಓಡುವುದು. ರಾತ್ರಿ ಹನ್ನೊಂದರ ತನಕ ಅಲ್ಲಿರುವುದಕ್ಕೆ ಮೊದಮೊದಲು ನಡುಕವಿತ್ತು. ಅವ್ವ ಅಂದಳು: ‘ನಿಮ್ ತಾತ ಅಲ್ಲೇ ಮಲಗವ್ನೆ. ಅವ್ನು ಬುಡ್ತಾನಾ ನಿನ್ನ ಮುಟ್ಟಕ್ಕೆ?’ ಒಂದು ಮಧ್ಯಾಹ್ನ ಮೀಟಿಂಗಿನಲ್ಲಿ ಕ್ಯಾಮರಾ ತೆಗೆಯಲೇಬೇಕಾಯಿತು. ಮೇಲಿನ ಸಾಹೇಬರು ಮರ ನೋಡಿ ‘ವ್ಹಾ! ನಿಮ್ಮ ಫಾರಂಹೌಸಾ?’ ಅಂದರು. ಹೌದು ಸಾರ್, ಅಂದೆ. ತಾತನ ಆಸ್ತಿ ಅಂದೆ.

ಹಾಗೆಂದು ಆ ಮೂರು ವರ್ಷ ನರಕವಲ್ಲ. ಬೆಂಗಳೂರಿನ ಬಾಡಿಗೆಗೆ ಹೋಗುತ್ತಿದ್ದ ದುಡ್ಡಿನಲ್ಲಿ ಒಂದು ಕೋಣೆ, ಒಂದು ಪಾಯಿಖಾನೆ ಎದ್ದಿತು. ಅಪ್ಪನ ಕೈಸಾಲ ತೀರಿತು. ತಂಗಿ ಕಾಲೇಜು ಬಿಡಲಿಲ್ಲ. ಹೊತ್ತಿಗೆ ಸರಿಯಾಗಿ ಬಿಸಿ ಮುದ್ದೆ, ಹುರುಳಿಕಾಳು ಸಾರು. ಊಟದ ಮೇಜಿನ ಪ್ರಶ್ನೆಗಳಿಲ್ಲ. ಹೊಂಗೆ ಮರದ ಕೆಳಗೆ ಮಲಗಿದವರಿಗೆ ನನ್ನ ಇನಿಷಿಯಲ್ ಗೊತ್ತಿತ್ತು. ಆದರೂ ಕುರ್ಚಿ ಕರೆಯುತ್ತಿತ್ತು. ಕಲ್ಲಿನ ಮೇಲೆ ಕೂತು ಸೊಂಟ ನೋವು ಬಂದಾಗಲೆಲ್ಲ ಎದ್ದದ್ದು ಒಂದೇ ಪ್ರಶ್ನೆ: ಇಷ್ಟು ಓದಿ ಕಡೆಗೂ ಊರು ನನಗೆ ಕೊಟ್ಟಿದ್ದು ಸುಡುಗಾಡನ್ನೇ ತಾನೇ?

ಹೀಗೆ ಕಾಗದ ಬಂದಾಗ ಖುಷಿಯಾದದ್ದು. ಆ ಖುಷಿ ಮನೆ ಹುಡುಕುವ ತನಕ.

ಬೆಂಗಳೂರಿನಲ್ಲಿ ನನ್ನ ಚಿಕ್ಕವ್ವ ಇದ್ದಾಳೆ, ಪೌರಕಾರ್ಮಿಕಳು. ‘ನಮ್ಮನೇಲೆ ಇರು ಬಾ ಮಗ’ ಅಂದಳು. ಒಂದು ಕೋಣೆಯಲ್ಲಿ ಆಗಲೇ ನಾಲ್ಕು ಜನ. ಜಾಗವಿಲ್ಲ ಎಂದು ನಾನು ಹೋಗಲಿಲ್ಲವೋ, ಕುತ್ತಿಗೆಯಲ್ಲಿ ಕಾರ್ಡು ನೇತು ಹಾಕಿಕೊಂಡವನು ಆ ಗಲ್ಲಿಯಿಂದ ಹೊರಡುವುದು ಹೇಗೆಂದು ಹೋಗಲಿಲ್ಲವೋ, ಈಗಲೂ ಖಚಿತವಿಲ್ಲ. ಹದಿನೈದು ದಿನ ಸುತ್ತಿದೆ. ಅಡ್ವಾನ್ಸು ಹತ್ತು ತಿಂಗಳದ್ದು ಕೇಳುವ ಮೊದಲು ಇನ್ನೊಂದು ಕೇಳುತ್ತಾರೆ. ವೆಜ್ಜಾ, ನಾನ್‌ವೆಜ್ಜಾ? ಅದಕ್ಕೆ ಉತ್ತರ ಸಾಲದಿದ್ದರೆ, ‘ಅಲ್ಲಾ, ನೀವು ಯಾವ ಜನ?’ ನಿಜ ಹೇಳಿದ ಮೂರು ಕಡೆಯೂ ಆ ಮನೆ ಅದೇ ತಾನೇ ಬೇರೆಯವರಿಗೆ ಆಗಿಹೋಗಿತ್ತು.

ನಾಲ್ಕನೆಯದನ್ನು ಹೇಳಿದವಳು ಚಿಕ್ಕವ್ವ. ಅವಳು ಗುಡಿಸುವ ರಸ್ತೆಯಲ್ಲೇ ಟು-ಲೆಟ್ ಬೋರ್ಡು ಬಿದ್ದಿತ್ತು. ‘ಒಳ್ಳೇ ಗಾಳಿ ಬೆಳಕಿನ ಮನೆ ಕಣಪ್ಪ. ಆದ್ರೆ ನನ್ ಎಸ್ರು ಎತ್ಬ್ಯಾಡ’ ಅಂದಳು. ಎತ್ತಲಿಲ್ಲ. ಮಾಲೀಕರು ಕೇಳಿದಾಗ ‘ಗೌಡ್ರು’ ಅಂದೆ. ಕೀಲಿ ಕೈಗೆ ಬಂತು.

1917ರಲ್ಲಿ ಬಾಬಾಸಾಹೇಬರು ಬರೋಡ ಸಂಸ್ಥಾನದ ಕೆಲಸಕ್ಕೆ ಹೋದರು. ನ್ಯೂಯಾರ್ಕಿನಲ್ಲೂ ಲಂಡನ್ನಿನಲ್ಲೂ ಓದಿ ಬಂದವರಿಗೆ ಬರೋಡದಲ್ಲಿ ಆಫೀಸಿತ್ತು, ಮನೆ ಇರಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದರು. ಹನ್ನೊಂದನೆಯ ದಿನ ಕೋಲು ಹಿಡಿದವರು ಬಂದರು. ಹೊರಬಿದ್ದು ಸಾರ್ವಜನಿಕ ತೋಟದಲ್ಲಿ ಕೂತಿದ್ದು ರಾತ್ರಿ ಒಂಬತ್ತರ ರೈಲಿಗೆ ಮುಂಬಯಿಗೆ ಹಿಂತಿರುಗಿದರು. ಕಾಲೇಜಿನಲ್ಲಿ ಇದನ್ನು ಓದಿ ಅತ್ತಿದ್ದೆ. ನನ್ನ ಮನೆಗೆ ಯಾರೂ ಕೋಲು ಹಿಡಿದು ಬರಲಿಲ್ಲ. ಹಾಗಾಗಿ ನನ್ನ ಸುಳ್ಳು ಹನ್ನೊಂದು ದಿನಕ್ಕೆ ಮುಗಿಯಲಿಲ್ಲ.

ನಾಲ್ಕು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಹಾಲು ತರಲು ಮೆಟ್ಟಿಲಿಳಿಯುತ್ತಿದ್ದೇನೆ, ಗೇಟಿನಾಚೆ ಚಿಕ್ಕವ್ವ ಪೊರಕೆ ಕಂಕುಳಿಗಿಟ್ಟು ಬೊಗಸೆ ಒಡ್ಡಿ ನಿಂತಿದ್ದಾಳೆ. ಮಾಲೀಕರ ಹೆಂಡತಿ ಗೇಟಿನ ಮೇಲಿಂದ, ಎತ್ತರದಿಂದ, ಚೊಂಬಿನ ನೀರು ಹೊಯ್ಯುತ್ತಿದ್ದಾರೆ. ಒಳ್ಳೆಯ ಹೆಂಗಸೇ, ದಿನಾ ಕೊಡುತ್ತಿದ್ದರಂತೆ. ಚಿಕ್ಕವ್ವ ಕುಡಿಯುತ್ತಲೇ ಕಣ್ಣೆತ್ತಿ ನನ್ನ ನೋಡಿದಳು. ಅರೆಗಳಿಗೆ. ನನ್ನ ಬಾಯಲ್ಲಿ ‘ಚಿಕ್ಕವ್ವ’ ಇತ್ತು, ಹೊರಗೆ ಬರಲಿಲ್ಲ. ಅವಳು ಬಾಯಿ ಒರೆಸಿಕೊಂಡು, ನಾನು ಯಾರೋ ಎಂಬ ಹಾಗೆ, ಬಗ್ಗಿ ಗುಡಿಸುತ್ತಾ ಮುಂದಕ್ಕೆ ಹೋದಳು. ನನಗಿಂತ ಚೆನ್ನಾಗಿ ನನ್ನ ಸುಳ್ಳನ್ನು ಕಾಪಾಡಿದವಳು ಅವಳು.

ಆ ತಿಂಗಳೇ ಮನೆ ಬಿಟ್ಟೆ. ನಿಜ ಹೇಳಿ ಬಂದೆ ಎಂದು ಬರೆಯಬಹುದಿತ್ತು, ನೀವೂ ಮೆಚ್ಚುತ್ತಿದ್ದಿರಿ. ಹೇಳಲಿಲ್ಲ. ‘ಆಫೀಸು ದೂರ ಆಗುತ್ತೆ’ ಅಂದೆ. ಬಣ್ಣದ ಖರ್ಚು ಕಳೆದು ಅಡ್ವಾನ್ಸು ಕೊಟ್ಟರು.

ಈಗ ಚಿಕ್ಕವ್ವನ ಮನೆಯಲ್ಲೇ ಇದ್ದೇನೆ. ಆಫೀಸಿಗೆ ಎರಡು ಬಸ್ಸು. ರಾತ್ರಿ ಕಂಪನಿಯ ಕ್ಯಾಬು ಗಲ್ಲಿಯೊಳಕ್ಕೆ ಬರುವುದಿಲ್ಲ, ಮುಖ್ಯರಸ್ತೆಯಲ್ಲೇ ಇಳಿಸುತ್ತದೆ. ನಾನು ಮಲಗಿ ಮೂರು ತಾಸಿಗೆ ಅವಳು ಏಳುತ್ತಾಳೆ. ಬೆಳಿಗ್ಗೆ ಅವಳ ಮಸ್ಟರಿಂಗು, ಅಂದರೆ ಹಾಜರಿ. ಅವಳಿಗೆ ಮನೆಯಿಂದ ಕೆಲಸ ಎನ್ನುವ ಮಾತನ್ನು ವಿವರಿಸಿ ಸೋತೆ. ಲಾಕ್‌ಡೌನಿನಲ್ಲೂ ಒಂದು ದಿನ ಪೊರಕೆ ಬಿಟ್ಟವಳಲ್ಲ. ಪೊರಕೆ ಕೆಳಗಿಟ್ಟದ್ದು 2022ರ ಜುಲೈನಲ್ಲಿ, ಕೆಲಸ ಕಾಯಂ ಮಾಡಿ ಎಂದು ಪೌರಕಾರ್ಮಿಕರೆಲ್ಲ ಫ್ರೀಡಂ ಪಾರ್ಕಿನಲ್ಲಿ ಕೂತಾಗ. ಆ ಕೂತ ದಿನಗಳನ್ನು ಅವಳು ಹಬ್ಬದ ಹಾಗೆ ನೆನೆಯುತ್ತಾಳೆ.

ಒಂದು ರಾತ್ರಿ ಕೇಳಿದಳು: ‘ಅಷ್ಟ್ ದೊಡ್ಡ ಆಪೀಸು ಅಂತೀಯಲ್ಲ, ಅಲ್ಲಿ ಕಸ ಹೊಡಿಯೋರು ಯಾರ್ಲಾ?’

ನನಗೆ ಗೊತ್ತಿರಲಿಲ್ಲ. ನೀಲಿ ಅಂಗಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಮಾರನೆಯ ದಿನ ಒಂದು ಗಂಟೆ ಮುಂಚೆ ಹೋದೆ. ಕಲಬುರಗಿ ಕಡೆಯ ಹೆಣ್ಣುಮಗಳು, ನಮ್ಮ ಸಾಲಿನ ಕುರ್ಚಿಗಳನ್ನು ಒರೆಸುತ್ತಿದ್ದಳು. ಎಷ್ಟು ವರ್ಷ ಆಯ್ತವ್ವಾ ಇಲ್ಲಿ ಎಂದೆ.

‘ಆರನೇದು ನಡದದ ರೀ ಸರ. ಕೊರೋನಾದಾಗೂ ಬರ್ತಿದ್ದೆವು. ಎರಡು ವರ್ಷ ಈ ಕುರ್ಚಿ ದಿನಾ ಒರಸೀನ್ರಿ. ಯಾರೂ ಕೂತಿದ್ದಿಲ್ಲ.’

ನೀವು ಕೂತಿದ್ದಿರಾ ಎಂದು ಕೇಳಿದೆ. ಅವಳು ಬಾಗಿಲ ಮೇಲಿನ ಕ್ಯಾಮರಾ ಕಡೆ ನೋಡಿ ನಕ್ಕಳು.