ಓರೆ ಕೋಲು

ಆಟಿ ತಿಂಗಳು. ಸುಳ್ಯದ ಕಡೆಯ ಮಳೆ ಗೊತ್ತಲ್ಲ, ಹೆಂಚಿನ ಮಾಡಿನ ಮೇಲೆ ಹೊಯ್ಯತೊಡಗಿದರೆ ಮಾಸ್ಟ್ರ ದನಿ ಎರಡನೇ ಬೆಂಚಿಗೂ ಮುಟ್ಟುವುದಿಲ್ಲ. ಅಂಥದ್ದೊಂದು ದಿನ ಅಲ್ಲಿನ ಶಾಲೆಯೊಂದರ ಏಳನೇ ಕ್ಲಾಸಿನ ಮಕ್ಕಳಿಂದ ಪುಟ್ಟ ಸೇತುವೆ ಕಟ್ಟಿಸಲು ಹೋಗಿದ್ದೆ. ಯಾವ ವರ್ಷವೋ ಮರೆತಿದೆ. ಅಡುಗೆಯಕ್ಕ ಸಾಂಬಾರಿಗೆ ಹಲಸಿನ ಬೀಜ ಹಾಕಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಸಾಮಾನು ಅಂದರೆ ಹಿಡಿಸೂಡಿ ಕಡ್ಡಿ, ಸೈಕಲಿನ ವಾಲ್ ಟ್ಯೂಬ್, ಅಷ್ಟೇ. ಬೆಂಕಿಕಡ್ಡಿಗಳನ್ನು ವಾಲ್ ಟ್ಯೂಬಿನಿಂದ ಜೋಡಿಸುವ ಉಪಾಯ ಅರವಿಂದ ಗುಪ್ತರದು. ಲಾರಿ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಅವರು 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿಗೆ ಹೋದಾಗ ಹೊಳೆದದ್ದು. ನಮ್ಮ ಮಳೆಗಾಲಕ್ಕೆ ಬೆಂಕಿಕಡ್ಡಿ ಮೆತ್ತಗಾಗುತ್ತದೆ, ಹಾಗಾಗಿ ಹಿಡಿಸೂಡಿ. ಟ್ಯೂಬನ್ನು ಉಗುರಿನಷ್ಟುದ್ದ ತುಂಡು ಮಾಡಿ ಎರಡೂ ಬಾಯಿಗೆ ಕಡ್ಡಿ ತೂರಿಸಬೇಕು. ಮೂರನೆಯ ಕಡ್ಡಿ ತೂರಿಸಲು ಟ್ಯೂಬಿನ ನಡುವೆ ನಿಂಬೆಮುಳ್ಳಿನಿಂದ ಒಂದು ತೂತು.

ಸೇತುವೆ ಆ ಮಕ್ಕಳಿಗೆ ಹೊಸತೇನಲ್ಲ. ಗಿರೀಶ್ ಭಾರದ್ವಾಜರು 1989ರಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದ್ದು ಅಲ್ಲೇ ಅರಂಬೂರಿನಲ್ಲಿ. ಆಮೇಲೆ ಅವರು ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀಯೂ ಬಂತು. ಇರಲಿ, ಕ್ಲಾಸಿಗೆ ಬರುತ್ತೇನೆ.

ಎಲ್ಲರೂ ಚೌಕ ಚೌಕವಾಗಿ ಜೋಡಿಸಿದರು. ನೋಡಲಿಕ್ಕೆ ಬಲು ಚಂದ. ಎರಡು ಬೆಂಚಿನ ನಡುವೆ ಇಟ್ಟು, ಗೆರಟೆ ತೂಗಹಾಕಿ, ನಾಲ್ಕು ಗೋಟಡಕೆ ಹಾಕಿದ್ದೇ ತಡ, ಸೇತುವೆ ಪಕ್ಕಕ್ಕೆ ವಾಲಿ ಮಲಗಿತು. ಹೆಡ್‌ಮಾಸ್ಟ್ರು ಕ್ಲಾಸಿನ ಒಳಗೂ ಕೊಡೆಯನ್ನು ಕೈಗೆ ನೇತುಹಾಕಿಕೊಂಡೇ ತಿರುಗುವವರು. ಅವರಿಗೆ ತಡೆಯಲಾಗಲಿಲ್ಲ. "ಹೇಳಿಬಿಡುವನಾ ಮಾರಾಯ್ರೆ?" ಎಂದು ಕಿವಿಯ ಹತ್ತಿರ ಬಂದರು. "ಸ್ವಲ್ಪ ತಡೀರಿ ಸರ್" ಅಂದೆ. ಪಾಪ, ಕೊಡೆಯ ಹಿಡಿ ತಿರುಗಿಸುತ್ತಾ ನಿಂತರು.

ಕಿಟಕಿ ಪಕ್ಕ ಕೂತಿದ್ದ ಹುಡುಗಿ, ಹೆಸರು ಈಗ ಬಾಯಿಗೆ ಬರುತ್ತಿಲ್ಲ, ಎರಡು ಜಡೆಗೆ ಎರಡು ಬಣ್ಣದ ರಿಬ್ಬನ್. ಮಾತೇ ಕಡಿಮೆ. ಅವಳು ಚೌಕದ ಮೂಲೆಯಿಂದ ಮೂಲೆಗೆ ಒಂದು ಕಡ್ಡಿ ಓರೆಯಾಗಿ ತೂರಿಸಿದಳು. ಅಲ್ಲಾಡಿಸಿ ನೋಡಿದಳು. ಪಕ್ಕದ ಚೌಕಕ್ಕೂ ಹಾಗೇ ಮಾಡಿದಳು. ಈ ಸಲ ಗೆರಟೆ ತುಂಬಾ ಅಡಕೆ ಹಾಕಿದರೂ ಸೇತುವೆ ಕದಲಲಿಲ್ಲ.

"ಎಲ್ಲಿ ಕಲಿತೆ ಮಗಾ?" ಎಂದು ಹೆಡ್‌ಮಾಸ್ಟ್ರೇ ಕೇಳಿದರು.

"ಚಪ್ಪರ ಗಾಳಿಗೆ ವಾಲದ ಹಾಗೆ ಅಪ್ಪ ಓರೆ ಕೋಲು ಕಟ್ತಾರೆ ಸರ್."

ಚೌಕದ ಮೂಲೆಗಳು ತಿರುಗುತ್ತವೆ. ತ್ರಿಕೋನದ ಮೂಲೆ ತಿರುಗಬೇಕಾದರೆ ಒಂದು ಕಡ್ಡಿ ಉದ್ದವಾಗಬೇಕು, ಇಲ್ಲ ಮುರಿಯಬೇಕು. ನಾನು ಬೋರ್ಡಿನಲ್ಲಿ ಬರೆದದ್ದು ಇಷ್ಟೇ, ಅದೂ ಅವಳು ಮಾಡಿ ತೋರಿಸಿದ ಮೇಲೆ. ಅಷ್ಟರಲ್ಲಿ ಒಬ್ಬ ಹುಡುಗ ಕತ್ತೆತ್ತಿ, ಮಾಡಿನ ಪಕ್ಕಾಸಿಗೂ ತೊಲೆಗೂ ನಡುವೆ ತ್ರಿಕೋನ ಇದೆ ಎಂದು ಕೂಗಿದ. ಊಟದ ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ.

ನಿಮ್ಮೂರ ಶಾಲೆಯಲ್ಲೂ ಇದನ್ನು ಮಾಡಿಸಿ. ಹಿಡಿಸೂಡಿ ಮನೆಯಲ್ಲೇ ಇದೆ, ವಾಲ್ ಟ್ಯೂಬಿಗೆ ಸೈಕಲ್ ಅಂಗಡಿಯಲ್ಲಿ ಕೇಳಿ. ಸೇತುವೆ ವಾಲಿದಾಗ ಮಾತ್ರ ಉತ್ತರ ಹೇಳಲು ಹೋಗಬೇಡಿ, ಸ್ವಲ್ಪ ತಡೆಯಿರಿ.