ನಾಂಗರ

ಎಂಟನೇ ಕ್ಲಾಸಿನಲ್ಲಿ ನಾನು ಅಜ್ಜನನ್ನು ತಿದ್ದಿದ್ದೆ. ಕಾರವಾರದ ದಂಡೆಯಲ್ಲಿ ಕೂತು ಹಳೇ ಕತೆ ಹೇಳ್ತಾ ಅವರು "ಅಲ್ಲೇ ನಾಂಗರ ಹಾಕಿದ್ವಿ" ಅಂದರು. ನಾನು ಬಿಡ್ತೀನಾ? "ಅಜ್ಜಾ, ನಾಂಗರ ಅಂದ್ರೆ ನೇಗಿಲು. ದೋಣಿಗೆ ಹಾಕೋದು ಲಂಗರು." ಕನ್ನಡದಲ್ಲಿ ನೂರಕ್ಕೆ 98 ತೆಗೆದವನ ಗತ್ತು ಅದು. ಹಾಯಿಹಡಗಿನಲ್ಲೇ ಹರೆಯ ಕಳೆದಿದ್ದ ಮನುಷ್ಯ "ಹೌದಾ" ಅಂದು ಸುಮ್ಮನಾದರು. ಆಮೇಲೆ ನನ್ನೆದುರು ಆ ಪದ ಬಳಸಲೇ ಇಲ್ಲ.

ಹೋದ ಸೆಮಿಸ್ಟರ್ ಫ್ಲೂಯಿಡ್ ಮೆಕ್ಯಾನಿಕ್ಸ್ ಸೆಮಿನಾರ್‌ಗೆ ಜಿ. ಐ. ಟೇಲರ್ ಬಗ್ಗೆ ಓದುತ್ತಿದ್ದೆ. ಎರಡು ಸಿಲಿಂಡರ್‌ಗಳ ನಡುವಿನ ಸುಳಿಗಳಿಗೆ ಹೆಸರು ಕೊಟ್ಟ ಅದೇ ಟೇಲರ್. ಈ ಮಹಾನುಭಾವರಿಗೆ ಹಾಯಿದೋಣಿಯ ಹುಚ್ಚು. 1933ರಲ್ಲಿ ಒಂದು ಹೊಸ ಲಂಗರಿಗೆ ಪೇಟೆಂಟ್ ಕೂಡ ಪಡೆದರು. ಚಿತ್ರ ನೋಡಿದೆ, ಥೇಟ್ ನೇಗಿಲು!

ಲಂಗರು ದೋಣಿಯನ್ನು ಹಿಡಿಯೋದು ಬರೀ ಭಾರದಿಂದಲ್ಲ. ಎಳೆದಷ್ಟೂ ಅದು ತಳದ ಮಣ್ಣನ್ನು ಉತ್ತುಕೊಂಡು ಒಳಗೆ ಹೂತುಕೊಳ್ಳಬೇಕು. ಅದಕ್ಕೇ ನೀರಿನ ಆಳದ 5ರಿಂದ 7 ಪಟ್ಟು ಹಗ್ಗ ಬಿಡುತ್ತಾರೆ. ಎಳೆತ ನೆಲಕ್ಕೆ ಸಮಾಂತರವಾಗಿದ್ದರೆ ಕಚ್ಚಿಕೊಳ್ಳುತ್ತೆ, ಮೇಲ್ಮುಖವಾದರೆ ಕಿತ್ತು ಬರುತ್ತೆ. ಫ್ರೀ ಬಾಡಿ ಡಯಾಗ್ರಾಮ್ ಬರೆದು ನೋಡಿ, ಐದು ನಿಮಿಷದ ಕೆಲಸ.

ಆ ರಾತ್ರಿಯೇ ಮರಾಠಿ ನಿಘಂಟು ಹುಡುಕಿದೆ. ನಾಂಗರ ಅಂದರೆ ನೇಗಿಲು. ಅದರ ಕೆಳಗೇ ಇನ್ನೊಂದು ಅರ್ಥ: ಲಂಗರು. ಕೊಂಕಣಿ, ಮರಾಠಿ, ಕನ್ನಡ ಮೂರೂ ಬೆರೆಸಿ ಮಾತಾಡುತ್ತಿದ್ದ ಅಜ್ಜ ಸರಿಯಾಗೇ ಹೇಳಿದ್ದರು. ನಾನು ಅಚ್ಚಗನ್ನಡ ಅಂದುಕೊಂಡಿದ್ದ 'ಲಂಗರು' ಪಾರ್ಸಿಯಿಂದ ಬಂದದ್ದು.

ಇಂಗ್ಲಿಷಿನಲ್ಲೂ ನನ್ನದು ಅದೇ ಹಣೆಬರಹ. ಶೀಟ್ ಅಂದರೆ ಹಾಯಿಬಟ್ಟೆ ಅಂತಲೇ ನಂಬಿದ್ದೆ. ಅಲ್ಲವಂತೆ, ಗಾಳಿಗೆ ತಕ್ಕಂತೆ ಹಾಯಿಯನ್ನು ಬಿಗಿ ಮಾಡುವ, ಸಡಿಲಿಸುವ ಹಗ್ಗ ಅದು. ದ್ರಾವಿಡ್ ಕ್ರೀಸಿಗೆ ಅಂಟಿ ನಿಂತಾಗಲೆಲ್ಲ ಕಾಮೆಂಟರಿಯಲ್ಲಿ ಕೇಳುತ್ತಿದ್ದ 'ಶೀಟ್ ಆಂಕರ್' ಹಳೇ ಹಡಗುಗಳಲ್ಲಿ ಆಪತ್ತಿಗೆಂದೇ ಇಟ್ಟುಕೊಳ್ಳುತ್ತಿದ್ದ ದೊಡ್ಡ ಲಂಗರು.

ಹಾಯಿಯ ಆ ಹಗ್ಗಕ್ಕೆ ನಮ್ಮ ಕಡೆ ಏನಂತಿದ್ದರು? ಅಜ್ಜ ತೀರಿಕೊಂಡು ಎರಡು ವರ್ಷ. ಮೀನುಗಾರಿಕೆಗೆ ಹೋಗುವ ಮಾವನಿಗೆ ಫೋನ್ ಮಾಡಿದೆ.

"ನಮ್ದು ಇಂಜಿನ್ ಬೋಟಲ್ವೇನೋ, ಹಾಯಿ ಎಲ್ಲಿ ಬಂತು? ಅಜ್ಜನ್ನೇ ಕೇಳ್ಬೇಕಿತ್ತು ನೀನು" ಅಂದರು.